ಕೇಳದ ಇಳಿಬಿಟ್ಟ ಚೀಲಗೋಳು

ನನ್ನ ಬಾಯಿ ಜೋರು ಅನ್ನೂದು ವಿಜಯಪುರದ ಇಬ್ರಾಹಿಂಪುರದಾಗ ನಾ ಹುಟ್ಟಿದ ಓಣಿಗೂ ಗೊತ್ತಿತ್ತು, ತಿಕೋಟಾದ ಹೊರಗ ಹೊಲದಾಗ ಇರೋ ನನ್ನ ಕೊಟ್ಟ ಮನಿಗೂ ಗೊತ್ತಿತ್ತು. ಹೆಣ್ಣು ನೋಡಾಕ ಬಂದಾಗ ನಮ್ಮವ್ವನ ಮೊದಲ ಹೇಳಿಬಿಟ್ಟಿದ್ಲು, ಇಕಿಗೆ ರೊಟ್ಟಿ ಬಡಿಯಾಕ ಬರ್ತೈತಿ, ಜಂಪರ ಹೊಲಿಯಾಕ ಬರ್ತೈತಿ, ಸುಮ್ಕ ಕುಂಡ್ರಾಕ ಒಂದ ಬರೂದಿಲ್ಲ ಅಂತ. ನಮ್ಮನಿಯವ್ರು ನಕ್ಕು, ನಾ ಮಾತಾಡೂದು ಕಡಿಮಿ, ಇಬ್ಬರದು ಕೂಡಿ ಸರಿ ಹೋಗ್ತೈತಿ ಅಂದಿದ್ರಂತ. ಲಗ್ನ ಆಗಿ ಇಷ್ಟು ವರ್ಷ ಆದ್ರೂ ಅವ್ರು ಆ ಚಾಷ್ಟಿ ಬಿಟ್ಟಿರಲಿಲ್ಲ. ನಾ ಯಾರ ಜೋಡಿನರ ಜಗಳಾ ತಗದ್ರ ಸಾಕು, ಟಾವೆಲ್ ಕಿವಿಗೆ ಸುತ್ಕೊಂಡು ಹೊಂಡದ ಕಡೆ ಹೊಂಟಬಿಡತಿದ್ರು.

ಅಂಥಾಕಿ ನಾನು ಅವ್ರು ತೀರಿ ಹೋದ ಮ್ಯಾಲೆ ಸುಮ್ಕಾದೆ. ಬೇಕಂತ ಆಗಿದ್ದಲ್ಲ. ಮಾತು ನಾಲಿಗಿತನಾ ಬರ್ತಿತ್ತು, ಅಲ್ಲೇ ನಿಂದರ್ತಿತ್ತು. ಹೊರಗ ಬಂದು ಏನ ಮಾಡೂದೈತಿ ಅನಸ್ತಿತ್ತು.

ದೀಪಾವಳಿ ಮುಗಿದಿತ್ತು. ಹೊಲದಾಗ ಬಿಳಿಜೋಳ ಮೊಣಕಾಲಿಗೆ ಬಂದಿತ್ತು. ಮುಂಜಾನೆ ಹೊಂಡದಾಗಿನ ಮೀನಿಗೆ ಹಿಂಡಿ ಹಾಕಿ ಬಂದ ನಮ್ಮನಿಯವ್ರು, ಎದಿ ಯಾಕೋ ಹಿಡದಂಗ ಆಗೈತಿ, ಒಂದೀಟು ಚಹಾ ಕೊಡು ಅಂದ್ರು. ನಾ ಚಹಾ ಸೋಸಿ ತರೂದ್ರಾಗ ಗ್ವಾಡಿಗೆ ಆನ್ಕೊಂಡು ಕುಂತವ್ರು ಕುಂತಂಗ ಇದ್ರು. ಕಪ್ಪು ಕೈಯಾಗ ಹಿಡ್ಕೊಂಡು ನಾನೂ ನಿಂತಂಗ ನಿಂತಿದ್ದೆ. ಮೈದುನ ಗಾಡಿ ತಂದ, ವಿಜಯಪುರದ ದವಾಖಾನಿಗೆ ಒಯ್ದ್ವಿ, ಅಲ್ಲಿ ಡಾಕ್ಟರು ಭಾಳ ಹೊತ್ತು ನೋಡಲಿಲ್ಲ. ಮನಿಗೆ ಬಂದಾಗ ಆ ಕಪ್ಪು ಕಿಡಕಿ ಕಟ್ಟಿ ಮ್ಯಾಲೆ ನಾ ಇಟ್ಟಲ್ಲೇ ಇತ್ತು, ಚಹಾದ ಮ್ಯಾಲೆ ಕೆನಿ ಕಟ್ಟಿತ್ತು. ಯಾರೋ ಅದನ್ನ ಚೆಲ್ಲಿ ತೊಳದಿಟ್ರು.

ನಾ ಅಳಲಿಲ್ಲ. ಬಂದ ಹೆಂಗಸರು ನನ್ನ ಬೆನ್ನು ತಿಕ್ಕಿ, ಅಳವಾ, ಅತ್ರ ಹಗೂರ ಆಗ್ತೈತಿ ಅಂದ್ರು. ಬರಲಿಲ್ಲ. ಬಬಲೇಶ್ವರದಿಂದ ಬಂದಿದ್ದ ನಮ್ಮ ಅತ್ತಿಯ ಅಕ್ಕ, ಇದೇನ ಕಲ್ಲ ಬೇ ಇದು ಅಂದ್ಲು. ನನಗೂ ಹೌದು ಅನಸ್ತು. ಕೈ ಕಾಲು ಎಲ್ಲಾ ಇದ್ದಲ್ಲೇ ಇದ್ದವು, ಯಾರದೋ ಕೈ ಕಾಲು ಇದ್ದಂಗ ಇದ್ದವು.

ನಮ್ಮ ಕೊಟ್ಟ ಮನೆತನದಾಗ ಒಂದು ರೂಢಿ ಐತಿ. ಗಂಡ ಸತ್ತಾಕಿನ್ನ ವರ್ಷ ತುಂಬೂತನಾ ಏನೂ ಕೇಳಬಾರದು. ಉಣ್ತಿ ಏನು ಅಂತ ಕೇಳಬಾರದು, ತಂದು ನೀಡಬೇಕು. ಅಕ್ಕಿ ಐತೋ ಇಲ್ಲೋ ಅಂತ ಕೇಳಬಾರದು, ತಂದು ಇಡಬೇಕು. ಕೇಳಿದ್ರ ಆಕಿ ಹೇಳಾಕ ಬಾಯಿ ತಗೀಬೇಕಾಗ್ತೈತಿ, ಬಾಯಿ ತಗದ್ರ ದುಃಖ ಉಕ್ಕಿ ಬರ್ತೈತಿ, ಅದಕ್ಕ. ಕೆಟ್ಟ ರೂಢಿ ಅಂತ ನಾ ಹೇಳೂದಿಲ್ಲ, ಅದರಾಗ ಮಾಯೆ, ಅಂತಃಕರಣ ಐತಿ. ನಾನೂ ಹಿಂದ ಬ್ಯಾರೆ ಹೆಣ್ಣಮಕ್ಕಳಿಗೆ ಹಂಗ ಮಾಡೀನಿ.

ಹಂಗಾಗಿ ಯಾರೂ ನನ್ನ ಏನೂ ಕೇಳ್ತಿರಲಿಲ್ಲ. ಕುಂತಲ್ಲೆ ಊಟಾ ಬರ್ತಿತ್ತು, ಹೊಲಿಯೂ ಮಷೀನ್ ಮ್ಯಾಲೆ ಯಾರೋ ಅರಿವಿ ಹೊಚ್ಚಿದ್ರು, ಎಮ್ಮಿ ಯಾರೋ ಹಿಂಡತಿದ್ರು. ಚಹಾ ಅಂತೂ ಹೊತ್ತಿಗೊಮ್ಮೆ ಬಂದು ಮುಂದ ಕುಂಡ್ರತಿತ್ತು. ಚಹಾ ಕಂಡ್ರ ನನಗ ಆ ಕಿಡಕಿ ಕಟ್ಟಿ, ಕೆನಿ ಕಟ್ಟಿದ ಆ ಕಪ್ಪು ಕಾಣ್ತಿತ್ತು. ಆದ್ರ ಬ್ಯಾಡ ಅನ್ನಾಕ ಬೇಕೇನು ಅಂತ ಯಾರರ ಕೇಳ್ಬೇಕಲ್ಲ. ಸುಮ್ಕ ಕುಡದು ಕಪ್ಪು ಬೋರಲ ಹಾಕ್ತಿದ್ದೆ.

ಒಂದ ಕೆಲಸ ಮಾತ್ರ ನನ್ನ ಕೈಯಾಗ ಉಳೀತು, ಹೊಂಡದ ಕೆಲಸ.

ನಮ್ಮ ಸುತ್ತಮುತ್ತ ಎಲ್ಲಾ ದ್ರಾಕ್ಷಿ ತ್ವಾಟ. ಎಲ್ಲಾರ ಹೊಲದಾಗೂ ಕರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಅದಾವು, ಕಾಲುವಿ ನೀರು ಬಂದಾಗ ತುಂಬ್ಕೊಂಡು ಬ್ಯಾಸಗಿಗೆ ಬಳ್ಳಿಗೆ ಬಿಡ್ತಾರು. ನಮ್ಮದು ಸಣ್ಣ ಹೊಲ, ನಿಂಬಿಗಿಡಾ ಮತ್ತ ಜೋಳ. ನಮ್ಮನಿಯವ್ರು ಸಣ್ಣವ್ರಿದ್ದಾಗ ಮಮದಾಪುರದ ದೊಡ್ಡ ಕೆರಿ ದಂಡಿಗೆ ಕುಂತು ಮೀನ ಹಿಡಿಯೂದು ನೋಡಿದವ್ರು. ಆ ಹುಚ್ಚು ಹೋಗಿರಲಿಲ್ಲ. ಹೊಂಡ ಆದ ಕೂಡ್ಲೆ ಕಾಟ್ಲಾ, ರೋಹು ಮರಿ ತಂದು ಬಿಟ್ರು. ಮಂದಿ ನಕ್ಕಿದ್ರು, ದ್ರಾಕ್ಷಿ ನಾಡಿನಾಗ ಇಂವಾ ಮೀನ ಬಿತ್ತಾಕತ್ತಾನ ಅಂತ. ನಾ ನಕ್ಕವ್ರ ಜೋಡಿ ಜಗಳಾ ಮಾಡಿ ಬಂದಿದ್ದೆ, ಮನಿಗೆ ಬಂದು ನಾನೂ ನಕ್ಕಿದ್ದೆ.

ಮೀನಿಗೆ ಹಿಂಡಿ ಒಂದ ಸಾಲೂದಿಲ್ಲ. ನೀರು ತುಸು ಹಸರ ಇರಬೇಕು, ಆ ಹಸರನ್ನ ತಿಂದು ಅವು ಬೆಳಿತಾವು. ಅದಕ್ಕ ಒಂದು ಚೀಲದಾಗ ಎಮ್ಮಿ ಹಾಕಿದ ಹೆಂಡಿ ತುಂಬಿ, ಬಾಯಿ ಕಟ್ಟಿ, ಹಗ್ಗಾ ಹಾಕಿ ನೀರಾಗ ಇಳಿಬಿಡತಿದ್ರು. ಹೆಂಡಿ ಸಾವಕಾಶ ಕರಗತಿತ್ತು. ಎಷ್ಟು ಹಸರ ಇರಬೇಕು ಅನ್ನೂದಕ್ಕ ಅವ್ರು ನನಗ ಒಂದು ಪರೀಕ್ಷಾ ಕಲಿಸಿದ್ರು. ಬಳಿ ಮ್ಯಾಲೆ ಸರಿಸಿ ಮೊಣಕೈತನಾ ನೀರಾಗ ಕೈ ಮುಳುಗಿಸಬೇಕು. ಅಂಗೈ ಮಬ್ಬ ಮಬ್ಬಾಗಿ ಕಂಡ್ರ ಸರಿ. ಚೊಕ್ಕ ಕಂಡ್ರ ಹೆಂಡಿ ಕಡಿಮಿ ಆತು. ಕಾಣದಿದ್ರ ಹೆಚ್ಚಾತು, ಚೀಲ ಎತ್ತಿ ದಂಡಿಗೆ ಹಾಕಬೇಕು. ಇದು ಮನ್ಯಾಗ ನಮ್ಮಿಬ್ಬರಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅವ್ರು ಹೋದ ಮ್ಯಾಲೂ ನಾ ದಿನಾ ಮುಂಜಾನೆ ಹಿಂಡಿ ಡಬ್ಬಿ ತಗೊಂಡು ಹೋಗಿ, ಅವ್ರಂಗ ಡಬ್ಬಿ ಬಡೀತಿದ್ದೆ. ಮೀನು ದಂಡಿಗೆ ಬಂದು ಬಾಯಿ ತಗೀತಿದ್ವು. ಆಮ್ಯಾಲೆ ಕೈ ಮುಳುಗಿಸಿ ಅಂಗೈ ನೋಡ್ತಿದ್ದೆ. ಮೀನಿನ ಮುಂದ ಮಾತಾಡ್ತಿದ್ದೆ ಅಂತ ಬರದ್ರ ಛಂದ ಇರ್ತಿತ್ತು. ಇಲ್ಲ, ಅವುಗಳ ಮುಂದೂ ಸುಮ್ಕ ಇರ್ತಿದ್ದೆ.

ಚಳಿಗಾಲ ಕಳೀತಿದ್ದಂಗ ನನ್ನ ಅಣ್ಣ ಬಂದ. ಅವನ ಮನಿ ಇಬ್ರಾಹಿಂಪುರದಾಗ, ರೈಲು ಹೋದ್ರ ಮಾಡದಾಗಿನ ಭಾಂಡೆ ಗಲಗಲ ಅನ್ನೂ ಮನಿ. ಮಾಳಗಿ ಮ್ಯಾಲಿನ ಖೋಲಿಗೆ ಸುಣ್ಣಾ ಹಚ್ಚಿಸೇನಿ, ಮಷೀನ್ ಇಡಾಕ ಕಿಡಕಿ ಹತ್ರ ಜಾಗಾ ಮಾಡೇನಿ ಅಂತ ನಮ್ಮ ಅತ್ತಿ ಮುಂದ ಹೇಳಾಕತ್ತಿದ್ದ. ನಾ ಅಲ್ಲೇ ಬಾಗಲದಾಗ ಕುಂತಿದ್ದೆ. ಅತ್ತಿ, ನಿಮ್ಮನಿ ಮಗಳು, ನಿಮ್ಮ ಮನಿ, ನಾ ಹ್ಯಾಂಗ ಬ್ಯಾಡ ಅನ್ನಲಿ ಅಂದ್ಲು. ಇಬ್ಬರದೂ ನನ್ನ ಮ್ಯಾಲಿನ ಜೀವಾನ. ಆದ್ರ ನಾ ಎಲ್ಲಿ ಇರಬೇಕು ಅನ್ನೂದು ನನ್ನ ತಲಿ ಮ್ಯಾಲೆ ಹಾದು ಹೊಂಟಿತ್ತು. ನನಗ ಹೋಗೂದು ಬ್ಯಾಡಾಗಿತ್ತು. ಆ ಹೊಂಡ, ಆ ನಿಂಬಿಗಿಡಾ ಬಿಟ್ರ ನನಗ ಅವ್ರು ಎಲ್ಲೂ ಸಿಗೂದಿಲ್ಲ ಅನ್ನೂದು ಒಂದ ನನಗ ಗೊತ್ತಿದ್ದ ಮಾತು. ಬಾಯಿಗೆ ಬಂದಿದ್ದು ಇಷ್ಟ, "ಮೀನ ಹಿಡಿಯೂದರ ಆಗ್ಲಿ."

ಆ ಮಾತನ್ನ ಅವ್ರು ತಮಗ ತಿಳದಂಗ ತಗೊಂಡ್ರು. ಬ್ಯಾಸಗಿಗೆ ಮೀನ ಹಿಡಿಯೂದು, ಛಲೋ ಬೆಳದಿದ್ರ ಇಕಿಗೆ ಇಲ್ಲಿ ಬಾಳೇವು ಮಾಡಾಕ ಆಗ್ತೈತಿ ಅಂತ ಇಲ್ಲೇ ಬಿಡೂದು, ಇಲ್ಲಂದ್ರ ಅಣ್ಣ ಕರಕೊಂಡು ಹೋಗೂದು. ಹಂಗ ಠರಾವ ಆತು. ನನ್ನ ಬದುಕು ಮೀನಿನ ಬಾಲಕ್ಕ ಕಟ್ಟಿದಂಗ ಆತು, ನಾ ಅದಕ್ಕೂ ಸುಮ್ಕಿದ್ದೆ.

ಮಾಘ ಕಳದು ಬಿಸಿಲು ಏರಾಕತ್ತಿತು. ಒಂದಿನ ಕೈ ಮುಳುಗಿಸಿದ್ರ ಅಂಗೈ ಕಾಣಲಿಲ್ಲ. ನಾ ಚೀಲ ಎತ್ತಿ, ಹಗ್ಗಾ ಬಿಚ್ಚಿ ದಂಡಿಗೆ ಹಾಕಿದೆ. ಅದು ಗೂಟಕ್ಕ ಅವ್ರ ಕೈಲೆ ಹಾಕಿದ ಗಂಟು, ಬಿಚ್ಚೂದಕ್ಕ ಭಾಳ ಹೊತ್ತು ಹಿಡೀತು. ನಾಕ ದಿನದಾಗ ನೀರು ತಿಳಿ ಆಗಬೇಕಾಗಿತ್ತು. ಆಗಲಿಲ್ಲ, ಇನ್ನಷ್ಟು ಹಸರಾತು. ಮೊದಲ ಹೆಸರುಬ್ಯಾಳಿ ತೊಳದ ನೀರಿನಂಗ ಇದ್ದದ್ದು, ಆಮ್ಯಾಲೆ ಬಣ್ಣದ ಡಬ್ಬಿ ಸುರುವಿದಂಗ ಆತು. ಗಾಳಿ ಬೀಸಿದ ಕಡೆ ದಂಡಿಗೆ ಹಸರ ಕೆನಿ ಕಟ್ಟಿತು. ಕೋಲಿಲೆ ಸರಿಸಿದ್ರ ಮತ್ತ ಕೂಡ್ಕೋತಿತ್ತು, ಹಸಿ ಮಣ್ಣಿನ ಕೆಟ್ಟ ವಾಸನಿ ಬರ್ತಿತ್ತು. ಚೀಲ ತಗದೀನಲ್ಲ, ಮತ್ತ ಇದೆಲ್ಲಿಂದ ಬಂತು ಅಂತ ದಂಡಿಗೆ ಕುಂತು ನೋಡ್ತಿದ್ದೆ. ನನ್ನ ಕಣ್ಣ ಸುಳ್ಳ ಹೇಳಾಕತ್ತಾವೇನೋ ಅನಸ್ತು. ಆ ದಿನಗಳೊಳಗ ನನ್ನ ಕಣ್ಣ ಮ್ಯಾಲೂ ನನಗ ನಂಬಿಗಿ ಇರಲಿಲ್ಲ.

ಹಿಂಡಿ ಹಾಕೂದು ಬಿಟ್ಟೆ. ಅದೊಂದು ಸರಿ ಮಾಡಿದ್ದೆ ಅಂತ ಆಮ್ಯಾಲೆ ಗೊತ್ತಾತು.

ಯುಗಾದಿ ಹತ್ರ ಬಂದಾಗ ಮ್ವಾಡ ಹಾಕ್ತು. ಶೆಡ್ಡಿನಾಗ ದ್ರಾಕ್ಷಿ ಒಣಗಾಕ ಹಾಕಿದವ್ರೆಲ್ಲಾ ಆಕಾಶದ ಕಡೆ ನೋಡಿ ಬೈಯಾಕತ್ತಿದ್ರು. ಮಳಿ ಬರಲಿಲ್ಲ, ಗಾಳಿ ನಿಂತು ಧಗಿ ಹೆಚ್ಚಾತು. ಮಾರನೇ ಮುಂಜಾನೆ ನಾ ಹೋಗೂದ್ರಾಗ ಹೊಂಡದ ಮ್ಯಾಲೆಲ್ಲಾ ಬಿಳೆ ಹೊಟ್ಟಿ ತೇಲಾಕತ್ತಿದ್ವು. ಇನ್ನೂ ಜೀವ ಇದ್ದ ಒಂದಿಷ್ಟು ಮ್ಯಾಲೆ ಬಂದು ಬಾಯಿ ತಗದು ತಗದು ಗಾಳಿ ಕುಡಿಯಾಕತ್ತಿದ್ವು, ನಾ ಡಬ್ಬಿ ಬಡದಾಗ ಬಾಯಿ ತಗೀತಿದ್ವಲ್ಲ, ಹಂಗ. ಡಬ್ಬಿ ನನ್ನ ಕೈಯಾಗ ಇರಲಿಲ್ಲ. ಬಿಸಿಲೇರೂದ್ರಾಗ ಅವೂ ತಿರುವಿ ಬಿದ್ವು.

ನಾ ದಂಡಿಗೆ ಕುಂತೆ. ಏನೂ ಅನಸಲಿಲ್ಲ. ಆತು, ಇನ್ನ ಇಬ್ರಾಹಿಂಪುರಕ್ಕ ಹೋಗೂದು ಅಷ್ಟ ಅಂದ್ಕೊಂಡೆ, ಬಸ್ ಹತ್ತೂದು ನೆನಸಿಕೊಂಡಂಗ.

ಅತ್ತಿ ಬಂದ್ಲು, ಮೈದುನ ಬಂದ, ಬಾಜೂ ದ್ರಾಕ್ಷಿ ತ್ವಾಟದ ಕಾಕಾ ಬಂದ್ರು. ಕಾಕಾ ನಮ್ಮನಿಯವ್ರಿಗೆ ಬಳ್ಳಿ ಕತ್ತರಿಸೂದು ಕಲಿಸಿದವ್ರು, ವಯಸ್ಸಾದವ್ರು. ಮೂರೂ ಮಂದಿ ಬಗ್ಗಿ ನೀರು ನೋಡಿದ್ರು. ಅಷ್ಟ್ರಾಗ ಸುದ್ದಿ ಹಬ್ಬಿ ಒಂದಿಬ್ಬರು ಬುಟ್ಟಿ ಹಿಡ್ಕೊಂಡು ಬಂದಿದ್ರು, ಈಗಷ್ಟ ಸತ್ತಾವಲ್ಲ, ಒಯ್ದು ಸಾರ ಮಾಡ್ತೀವಿ ಅಂತ. ಮೈದುನ ಅವ್ರನ್ನ ತಡದು, ವಿಜಯಪುರದ ಮೀನುಗಾರಿಕೆ ಆಫೀಸಿಗೆ ಫೋನ್ ಮಾಡಿದ.

ಮಧ್ಯಾಹ್ನದಾಗ ಆಫೀಸಿನವ ಬಂದ. ಕುಂದಾಪುರದ ಕಡೆಯವ, ನಮ್ಮ ಮಾತು ಅವನಿಗೆ ಅರ್ಧ ತಿಳೀತಿತ್ತು, ಅವನ ಮಾತು ನಮಗ ಅರ್ಧ. ಕೆನಿ ಒಂದು ಬಾಟ್ಲಿಯಾಗ ತುಂಬ್ಕೊಂಡು ಬಿಸಿಲಿಗೆ ಹಿಡದು ನೋಡಿದ. ಇದು ಮೀನ ತಿನ್ನೂ ಹಸರಲ್ಲ, ಕೆಟ್ಟ ಜಾತಿ ಪಾಚಿ. ನೀರಾಗ ಗೊಬ್ಬರ ಹೆಚ್ಚಾದ್ರ ಇದು ಉಕ್ಕತೈತಿ. ರಾತ್ರಿ ನೀರಾಗಿನ ಗಾಳಿಯೆಲ್ಲಾ ತಾನ ಕುಡದುಬಿಡ್ತೈತಿ, ಅದಕ್ಕ ಮೀನು ಉಸರು ಕಟ್ಟಿ ಸತ್ತಾವು ಅಂದ. ಮತ್ತ ಇದರಾಗ ವಿಷ ಇರೂದೂ ಉಂಟು, ಮೀನು ಯಾರೂ ತಿನಬಾರದು, ಎಮ್ಮಿಗೆ ಈ ನೀರು ಕುಡಸಬಾರದು, ತೆಗ್ಗು ತಗದು ಎಲ್ಲಾ ಮುಚ್ಚರಿ ಅಂದ. ಬುಟ್ಟಿಯವ್ರು ಗೊಣಗೊಣ ಅನ್ಕೋತ ಹ್ವಾದ್ರು.

ತೆಗ್ಗು ತಗಿಯೂತನಾ ಅವನು ನನ್ನ ಬಾಜೂ ಕುಂತು ತನ್ನ ಊರಿನ ಮಾತು ತಗದ. ನಾ ಸಪ್ಪಗ ಕುಂತಿದ್ದು ನೋಡಿ ಸಮಾಧಾನ ಮಾಡಾಕ ಇರಬೇಕು. ಅವನ ಊರಾಗ ನದಿ ಹೋಗಿ ಸಮುದ್ರ ಸೇರೂ ಜಾಗಾದಾಗ ಪಚ್ಚಿಲೆ ಅನ್ನೂ ಚಿಪ್ಪಿನ ಜೀವ ಬೆಳಸತಾರಂತ. ಹಗ್ಗಕ್ಕ ಹಚ್ಚಿ ನೀರಾಗ ಇಳಿಬಿಟ್ರ ಹಗ್ಗಾ ಹಿಡ್ಕೊಂಡು ಗೊಂಚಲ ಗೊಂಚಲ ಬೆಳಿತಾವಂತ, ನಿಮ್ಮ ದ್ರಾಕ್ಷಿಯಂಗ ಅಂದ. ಅಲ್ಲೂ ಒಮ್ಮೊಮ್ಮೆ ಇಂಥಾ ಪಾಚಿ ಬಂದು ಸಮುದ್ರದ ನೀರಿನ ಬಣ್ಣ ತಿರಗತೈತಂತ. ಅವೂ ಹಿಂಗ ಸಾಯ್ತಾವೇನ್ರಿ ಅಂತ ಮೈದುನ ಕೇಳಿದ.

"ಸಾಯೋದಿಲ್ಲ," ಅಂದ ಅವನು. "ನೋಡೋಕೆ ಚೆನ್ನಾಗೇ ಇರ್ತವೆ. ವಿಷವನ್ನೆಲ್ಲ ಒಳಗೆ ಇಟ್ಕೊಂಡು ಬಾಯಿ ಮುಚ್ಕೊಂಡು ಇರ್ತವೆ. ತಿಂದವರಿಗೇ ಗೊತ್ತಾಗೋದು."

ಅಂಥಾ ಹೊತ್ತಿನಾಗ ಬೆಳಸಿದವ್ರು ಮಾರಾಕೂ ಆಗದ, ತಿನ್ನಾಕೂ ಆಗದ ದಂಡಿಗೆ ಕುಂತಿರ್ತಾರಂತ. ಛಲೋ ನೀರು ಬಂದ ಮ್ಯಾಲೆ ಅವು ಬಾಯಿ ತಗದು ದಿನಾ ಒಂದೀಟು ಒಂದೀಟು ವಿಷಾ ಹೊರಗ ಬಿಡ್ತಾವಂತ. ಅಲ್ಲೀತನಾ ಕಾಯಬೇಕು. ನಾ ಸಮುದ್ರ ನೋಡಿದಾಕಿ ಅಲ್ಲ. ಆದ್ರ ಆ ಬಾಯಿ ಮುಚ್ಚಿದ ಚಿಪ್ಪು ನನಗ ಬರೋಬ್ಬರಿ ಕಂಡ್ವು. ಊರ ಮಂದಿಗೂ ನಾ ಚೆನ್ನಾಗೇ ಕಾಣಾಕತ್ತಿದ್ದೆ, ಉಂಡು, ಉಟ್ಟು, ಹೊಂಡಕ್ಕ ಹೋಗಿ ಬಂದು.

ಆಮ್ಯಾಲೆ ಅವನು ಕೇಳಿದ, ನೀರಿಗೆ ಎಷ್ಟು ಸಗಣಿ ಹಾಕ್ತಿದ್ರಿ ಅಂತ. ನಾ, ಹಾಕಿಲ್ಲ, ಚೀಲ ತಗದು ಭಾಳ ದಿನಾ ಆತು ಅಂದೆ, ದಂಡಿಗೆ ಒಣಗಿ ಬಿದ್ದ ಚೀಲ ತೋರಿಸಿದೆ. ಅವನು ನಂಬಲಿಲ್ಲ. ಎದ್ದು ಹೊಂಡದ ಸುತ್ತ ತಂತಿ ಬೇಲಿ ಹಿಡ್ಕೊಂಡು ಹ್ವಾದ. ನಾ ದಿನಾ ಇಳಿಯೂದು ಮನಿ ಕಡೆ ಮೆಟ್ಟಲದಿಂದ, ಆಚಿ ದಂಡಿಗೆ ಹೋದಾಕಿ ಅಲ್ಲ.

ಎಮ್ಮಿ ಕಟ್ಟೂ ಕಡೆ ಬೇಲಿ ಗೂಟಕ್ಕ ಒಂದು ಹಗ್ಗಾ ಇತ್ತು. ಜಗ್ಗಿದ್ರ ಹೆಂಡಿ ಚೀಲ ಬಂತು, ದನದ ಹಿಂಡಿ ಬರೂ ಚೀಲ. ಕಾಲುವಿ ಪೈಪಿನ ಹತ್ರ ಇನ್ನೊಂದು ಹಗ್ಗಾ. ಅದು ಗೊಬ್ಬರದ ಚೀಲ, ಒಳಗ ಹೆಂಡಿ ಜೋಡಿ ಉಳದ ಗೊಬ್ಬರಾನೂ ಸುರುವಿತ್ತು. ಕಾಕಾನ ತ್ವಾಟದ ಬಾಂದದ ಕಡೆ ಮೂರನೇದು, ದ್ರಾಕ್ಷಿ ಒಣಸೂ ಹಸರ ಜಾಳಿಗಿ ಹೊಲದು ಮಾಡಿದ್ದು, ಎಲ್ಲಾದ್ರಕಿಂತ ದೊಡ್ಡದು. ಮೂರೂ ತಂದು ನನ್ನ ಮುಂದ ಹಾಕಿದ. ಹಸರ ನೀರು ಹರಕೋತ ನನ್ನ ಕಾಲಿನ ಬುಡಕ್ಕ ಬಂತು.

ಯಾರದು ಅಂತ ಕೇಳೂದು ಬೇಕಾಗಿರಲಿಲ್ಲ. ಚೀಲಾನ ಹೇಳಾಕತ್ತಿದ್ವು, ಎಮ್ಮಿ ಕಟ್ಟೂದು ಅತ್ತಿ, ಗೊಬ್ಬರ ಹಾಕೂದು ಮೈದುನ, ಜಾಳಿಗಿ ಕಾಕಾಂದು. ಅತ್ತಿನ ಮೊದಲ ಬಾಯಿ ಬಿಟ್ಲು. ದಂಡಿಗೆ ಚೀಲ ಬಿದ್ದಿದ್ದು ನೋಡಿದ್ಲಂತ. ಪಾಪ, ಇಕಿಗೆ ಮೈ ಮ್ಯಾಲೆ ಖಬರಿಲ್ಲ, ಹೆಂಡಿ ಹಾಕೂದು ಮರತಾಳ, ಮೀನು ಉಪವಾಸ ಬಿದ್ರ ಇಕಿ ಇಲ್ಲಿ ಉಳಿಯೂದಿಲ್ಲ ಅನ್ಕೊಂಡು, ನಾ ನೋಡದಂಗ ಆಚಿ ಕಡೆ ಒಂದು ಕಟ್ಟಿದ್ಲಂತ. ಮೈದುನನೂ ದಂಡಿಗೆ ಬಿದ್ದ ಅದ ಚೀಲ ನೋಡಿದ್ದ, ಅವನೂ ಹಂಗ ಅನ್ಕೊಂಡಿದ್ದ. ಕಾಕಾನೂ ಹಂಗ. ಒಬ್ಬರು ಇನ್ನೊಬ್ಬರಿಗೂ ಹೇಳಿರಲಿಲ್ಲ, ಹೇಳಿದ್ರ ನನ್ನ ಕಿವಿಗೆ ಬಿದ್ದು ನನಗ ನೋವಾಗ್ತೈತಿ ಅಂತ. ಚೀಲ ಕರಗಿದಂಗ ತುಂಬಿ ತುಂಬಿ ಇಳಿಬಿಡಾಕತ್ತಿದ್ರು. ನಾ ಇತ್ತಾಗ ಅಂಗೈ ಕಾಣದ ಕುಂತಿದ್ದೆ. ಮೂರೂ ಮಂದಿಗೆ ನಾ ಇಲ್ಲೇ ಇರಬೇಕಾಗಿತ್ತು, ಅದಕ್ಕ ಮೀನು ಸತ್ವು.

ಕಾಕಾ ತಲಿ ಮ್ಯಾಲಿನ ಟೊಪ್ಪಿಗಿ ತಗದು ಕೈಯಾಗ ಹಿಡ್ಕೊಂಡ್ರು. ಅತ್ತಿ ಸೆರಗು ಬಾಯಿಗೆ ಒತ್ಕೊಂಡ್ಲು. ಅವ್ರು ಅಳೂದು ನೋಡಿ ನನಗ ಅಳು ಬರಬೇಕಾಗಿತ್ತು. ಬಂದಿದ್ದು ಸಿಟ್ಟು. ದೀಪಾವಳಿ ಆದ ಮ್ಯಾಲೆ ನನ್ನ ಮೈಯಾಗ ಬಂದ ಮೊದಲನೇ ಬಿಸಿ ಅದು, ಅಂಗಾಲಿನಿಂದ ಏರಿ ಬಂತು.

"ಒಂದ ಮಾತು ನನ್ನ ಕೇಳಬೇಕಿತ್ತಲ್ರಿ," ಅಂದೆ. "ನಾ ಸತ್ತಿಲ್ಲ. ಸತ್ತವ್ರು ಅವ್ರು. ನನ್ನ ಕೇಳಬೇಕಿತ್ತು."

ದನಿ ದೊಡ್ಡದ ಬಂದಿರಬೇಕು. ತೆಗ್ಗು ತಗಿಯಾವ್ರು ಸಲಿಕಿ ನಿಂದರಿಸಿ ನೋಡಿದ್ರು. ನಾ ಎದ್ದು ಬುಟ್ಟಿ ತಗೊಂಡು ನೀರಿಗಿಳದು ಮೀನ ತುಂಬಾಕತ್ತಿದೆ. ಭಾಳ ದೊಡ್ಡವ ಆಗಿದ್ವು, ಎತ್ತಿದ್ರ ತೊಡಿ ಮ್ಯಾಲಿನ ಕೂಸಿನಷ್ಟು ಭಾರ. ಅವ್ರು ನೋಡಿದ್ರ ಖುಷಿ ಪಡ್ತಿದ್ರು.

ಕಾಕಾ ತಮ್ಮ ಹೊಂಡದಿಂದ ಎಮ್ಮಿಗೆ ನೀರು ಬಿಟ್ರು. ನಮ್ಮ ಹೊಂಡದ ನೀರನ್ನ ಮೈದುನ ಆಫೀಸಿನವ ಹೇಳಿದಂಗ ದನಾ ಮೇಯದ, ಬಿತ್ತಿರದ ಪಡಾ ಹೊಲಕ್ಕ ಬಿಟ್ಟ. ಬುಡದಾಗ ಉಳದ ಹಸರ ರಾಡಿ ಬಿಸಿಲಿಗೆ ಒಣಗಿ ಹಪ್ಪಳದಂಗ ಎದ್ದಿತು.

ಯುಗಾದಿ ಆದ ಮ್ಯಾಲೆ ಅಣ್ಣ ಟಂಟಂ ಗಾಡಿ ತಗೊಂಡು ಬಂದ. ಸುದ್ದಿ ಅವನಿಗೆ ಹೋಗಿತ್ತು. ಬಂದ ಕೂಡ್ಲೆ ಮಷೀನಿನ ಮ್ಯಾಲಿನ ಅರಿವಿ ತಗದು, ಎತ್ತಾಕ ಮೈದುನನ್ನ ಕರದ. ಮೈದುನ ಜಾಗಾ ಬಿಟ್ಟು ಏಳಲಿಲ್ಲ. ಅಣ್ಣ ಒಬ್ಬನ ಮಷೀನಿನ ಒಂದು ಕಡೆ ಹಿಡ್ಕೊಂಡು ನಿಂತಿದ್ದ. ನಾ ಗ್ವಾಡಿಗೆ ಆನ್ಕೊಂಡು ಕುಂತಿದ್ದೆ, ಅವ್ರು ಕುಂತ ಜಾಗಾದಾಗ. ಮತ್ತ ಮಾತು ನಾಲಿಗಿ ಮ್ಯಾಲೆ ಬಂದು ನಿಂತಿತ್ತು.

ಅಡಗಿಮನ್ಯಾಗ ಅತ್ತಿ ಚಹಾಕ್ಕ ಇಟ್ಟಿದ್ಲು. ಸೋಸಿದ್ಲು, ಅಣ್ಣಗ ಕೊಟ್ಲು, ಮೈದುನಗ ಕೊಟ್ಲು. ನನ್ನ ಕಪ್ಪು ತಂದಾಕಿ, ದಿನಾ ಇಟ್ಟಂಗ ಮುಂದ ಇಡಾಕ ಬಗ್ಗಿದಾಕಿ, ಇಡದ ಹಂಗ ನಿಂತ್ಲು. ಮನೆತನದ ರೂಢಿ ಮುರಿಯೂದು ಆ ವಯಸ್ಸಿಗೆ ಸಣ್ಣ ಮಾತಲ್ಲ.

"ಚಹಾ ಬೇಕೇನವಾ?" ಅಂತ ಕೇಳಿದ್ಲು.

ನಾ ಆಕಿ ಮಾರಿ ನೋಡಿದೆ.

"ಬ್ಯಾಡ್ರಿ," ಅಂದೆ. "ನನಗ ಚಹಾ ಸೇರೂದಿಲ್ಲ ಈಗ."

ಅತ್ತಿ ಕಪ್ಪು ಹಿಂದಕ್ಕ ಒಯ್ದ್ಲು. ಅಣ್ಣ ಮಷೀನು ಹಿಡ್ಕೊಂಡ ನನ್ನ ಕಡೆ ನೋಡಾಕತ್ತಿದ್ದ. ಅವನಿಗೂ ಏನೋ ಹೊಳೀತು ಕಾಣ್ತೈತಿ. ಮಷೀನು ಬಿಟ್ಟ, ಹೊಸ್ತಿಲ ಮ್ಯಾಲೆ ಕುಂತ, ಸಣ್ಣ ದನಿಲೆ ಕೇಳಿದ, ನೀ ಏನಂತಿ ತಂಗಿ, ಬರ್ತಿಯೋ ಇರ್ತಿಯೋ ಅಂತ.

ಇರ್ತೀನಿ ಅಂದೆ. ಅದನ್ನ ಅಂದು ಮುಗಿಸೂದ್ರಾಗ ಕಣ್ಣಾಗ ನೀರು ಬಂತು, ಬಂದದ್ದು ನಿಲ್ಲಲಿಲ್ಲ. ಬೆನ್ನು ತಿಕ್ಕಲೇನವಾ ಅಂತ ಅತ್ತಿ ಕೇಳಿದ್ಲು. ನಾ ಬ್ಯಾಡ ಅಂದೆ, ಯಾರೂ ತಿಕ್ಕಲಿಲ್ಲ.